ಇಳಿಯಲು ಬಾರದ ಸೈಕಲ್ ಟೀಚರು

ಮೊನ್ನೆ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಕೆಳಗೆ ನೀರಿನ ಲಾರಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಮನೆಯಾಕೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಟೀಚರ್, ಕೈಯಲ್ಲಿ ಏನು ಹಿಡ್ಕೊಂಡಿದೀರ?" ಎಂದು ತಮಿಳಿನಲ್ಲಿ ಕೇಳಿದರು. ನೋಡಿಕೊಂಡೆ. ಏನೂ ಇರಲಿಲ್ಲ. ಬಲಗೈ ಮಾತ್ರ ಸೊಂಟದ ಮಟ್ಟಕ್ಕೆ ಬಂದು, ಬೆರಳು ಮಡಚಿ, ಯಾವುದೋ ಕಂಬಿ ಹಿಡಿದ ಹಾಗೆ ಗಾಳಿಯಲ್ಲಿ ನಿಂತಿತ್ತು. ನಾಚಿಕೆಯಾಗಿ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕೈ ಇಳಿಸಿದೆ.

ಕೈಗಳಿಗೆ ಅವುಗಳದೇ ಒಂದು ನೆನಪು ಇರುತ್ತದೆಂದು ಕಾಣುತ್ತದೆ. ಮೂವತ್ತು ವರ್ಷ ರೈಲ್ವೆ ಆಫೀಸಿನಲ್ಲಿ ಕಡತ ತಿರುವಿದ ನಮ್ಮ ಅಕ್ಕ ನಿವೃತ್ತಳಾದ ಮೇಲೂ ದೋಸೆ ಮುರಿಯುವ ಮೊದಲು ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಿದ್ದಳು. ನನ್ನ ಕೈ ಮೊನ್ನೆ ಹಿಡಿದುಕೊಂಡಿದ್ದು ಸೈಕಲ್ಲಿನ ಕ್ಯಾರಿಯರ್. ಅರವತ್ತೆರಡು ವರ್ಷದ ಕನ್ನಡ ಮೇಡಂ ಒಬ್ಬಳು ಚೆನ್ನೈಯಲ್ಲಿ ಬೇರೆಯವರ ಸೈಕಲ್ಲಿನ ಹಿಂದೆ ಓಡುತ್ತಾಳೆ ಎಂದರೆ ನೀವು ನಂಬಲಿಕ್ಕಿಲ್ಲ. ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾನು ಸೈಕಲ್ ಕಲಿತದ್ದು ಅರಸೀಕೆರೆಯಲ್ಲಿ. ಅಪ್ಪ ಅಲ್ಲಿ ರೈಲ್ವೆ ಗೂಡ್ಸ್ ಕ್ಲರ್ಕು. ಭಾನುವಾರ ಮಧ್ಯಾಹ್ನ ಅವರು ಉಂಡು ಮಲಗಿದರೆ ಅವರ ಕರೀ ಸೈಕಲ್ಲನ್ನು ನಾನೂ ಅಕ್ಕನೂ ಸದ್ದಿಲ್ಲದೆ ತಳ್ಳಿಕೊಂಡು ಗೂಡ್ಸ್ ಶೆಡ್ಡಿನ ಅಂಗಳಕ್ಕೆ ಹೋಗುತ್ತಿದ್ದೆವು. ಅಂಗಳದ ತುಂಬ ಕೊಬ್ಬರಿಯ ಕಮಟು ವಾಸನೆ. ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಸೈಕಲ್ಲಿಗಿಂತ ಹೆಚ್ಚು ನಾನೇ ವಾಲಿಕೊಂಡು ಒಳಪೆಡಲ್ ಹೊಡೆಯುತ್ತಿದ್ದೆ. ಅಕ್ಕ ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳಾದರೂ ಅವಳು ಕಡೆಗೂ ಸೈಕಲ್ ಕಲಿಯಲಿಲ್ಲ. ಅವಳು ಹತ್ತಿದರೆ ಹಿಂದೆ ಹಿಡಿಯುವವರು ಯಾರು? ನಾನಂತೂ ಹಿಡಿಯುತ್ತಿರಲಿಲ್ಲ.

ನನ್ನ ವಿದ್ಯೆಯಲ್ಲಿಯೂ ಒಂದು ಕೊರತೆ ಉಳಿಯಿತು. ಹತ್ತಲು ಬಂತು, ಓಡಿಸಲು ಬಂತು, ಇಳಿಯಲು ಬರಲಿಲ್ಲ. ಶೆಡ್ಡಿನ ಕಲ್ಲುಕಟ್ಟೆಯ ಪಕ್ಕಕ್ಕೆ ಹೋಗಿ ಕಾಲು ಊರಿ ನಿಲ್ಲುತ್ತಿದ್ದೆ. ಕಟ್ಟೆ ಇಲ್ಲದ ಕಡೆ ಅಕ್ಕ ಹಿಡಿದು ನಿಲ್ಲಿಸುತ್ತಿದ್ದಳು. ಇದನ್ನು ಒಂದು ಕೊರತೆ ಎಂದು ನಾನು ಐವತ್ತು ವರ್ಷ ಯೋಚಿಸಿಯೇ ಇರಲಿಲ್ಲ.

ಅಕ್ಕನಿಗೆ ಚೆನ್ನೈಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ, ಒಬ್ಬಳೇ ಹೆಣ್ಣುಮಗಳು ಪರವೂರಿನಲ್ಲಿ ಹೇಗಿರುತ್ತಾಳೆ ಎಂದು ಅಮ್ಮ ನನ್ನನ್ನು ಜೊತೆಗೆ ಕಳಿಸಿದಳು. ಆರು ತಿಂಗಳಿಗೆಂದು ಬಂದವಳು ಇಲ್ಲೇ ಉಳಿದೆ. ಒಂದು ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ಮದುವೆಯ ಮಾತು ಮೊದಲು ಅಕ್ಕನಿಗೆ ತಪ್ಪಿತು, ಆಮೇಲೆ ನನಗೆ ತಪ್ಪಿತು, ಆಮೇಲೆ ಮಾತೆತ್ತುವವರು ತೀರಿಕೊಂಡರು. ನಾವೇನೂ ಅಳುತ್ತ ಕೂರಲಿಲ್ಲ. ಇಬ್ಬರಿಗೂ ಜಗಳವಾಡಲು ಇಬ್ಬರೂ ಇದ್ದೆವು. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ಒಂದೇ ವಿಷಯದ ಮೇಲೆ ಮೂವತ್ತೈದು ವರ್ಷ ಕಳೆದೆವು.

ನನ್ನ ತರಗತಿಯಲ್ಲಿ ಮಕ್ಕಳು ವರ್ಷವರ್ಷಕ್ಕೂ ಕಡಿಮೆಯಾದರು. ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು, ಸರಿಯಾದ ಉತ್ತರವನ್ನೇ. ಕೊನೆಯ ವರ್ಷ ನಾಲ್ವರಿದ್ದರು. ನಾನು ನಿವೃತ್ತಳಾದ ಮೇಲೆ ಆ ಕೋಣೆಯನ್ನು ಕಂಪ್ಯೂಟರಿಗೆ ಕೊಟ್ಟರು. ಮರುವರ್ಷ ಅಕ್ಕ ಹೋದಳು. ಸಂಜೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಯಾಕೋ ಎದೆ ಭಾರ ಕಣೇ" ಎಂದಳು, ಅಷ್ಟೇ.

ಸತ್ತವರ ಸೀರೆ, ಚಪ್ಪಲಿ ಇವೆಲ್ಲ ನೋಡಿ ದುಃಖವಾಗುತ್ತದೆ ಎನ್ನುತ್ತಾರೆ. ನನಗೆ ದುಃಖವಾದದ್ದು ಹದಿನೈದು ದಿನ ಕಳೆದ ಮೇಲೆ, ಅಂಗಡಿಯಲ್ಲಿ. ಎಷ್ಟು ದಿನದಿಂದ ಕನ್ನಡ ಮಾತಾಡಿಲ್ಲ ಎಂದು ಹೊಳೆದು, ಬೇಳೆಯ ಪೊಟ್ಟಣ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಆಮೇಲೆ ಕುಕ್ಕರಿನ ಜೊತೆ ಮಾತಾಡಲು ಶುರುಮಾಡಿದೆ. "ಕೂಗು ತಾಯಿ, ಎಷ್ಟು ಹೊತ್ತು?" ಎಂದರೆ ಪಾಪ, ಅದು ಕೂಗುತ್ತಿತ್ತು. ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಉಡುಪಿಯವರ ಒಂದು ಹೋಟೆಲಿಗೆ ಹೋಗಿ ಬೇಡದ ಕಾಫಿ ಕುಡಿಯುತ್ತಿದ್ದೆ. ಅಲ್ಲೊಬ್ಬ ಮುದುಕ ಸಪ್ಲೈಯರ್, ಕುಂದಾಪುರದವನು, "ಎಂತ ಬೇಕ್ ಅಮ್ಮ?" ಎನ್ನುತ್ತಿದ್ದ. ಅಷ್ಟು ಕೇಳಿಸಿಕೊಂಡು ಮನೆಗೆ ಬರುತ್ತಿದ್ದೆ.

ಆ ಹೋಟೆಲಿನಲ್ಲೇ ರೂಪಾ ಸಿಕ್ಕಿದ್ದು. ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಅಪ್ಪ ಆ ಹೋಟೆಲಿನಲ್ಲೇ ಮ್ಯಾನೇಜರ್. ಅವಳು ಈಗ ನಿರಾಶ್ರಿತರಿಗಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದಾಳೆ.

"ಮಿಸ್, ನೀವು ಸೈಕಲ್ ಓಡಿಸ್ತೀರಿ ಅಲ್ವಾ? ಕ್ಲಾಸಲ್ಲಿ ಅರಸೀಕೆರೆ ಕಥೈ ಹೇಳ್ತಾ ಇದ್ರಿ."

"ಕಥೈ ಅಲ್ಲ, ಕಥೆ," ಎಂದೆ. ಅಭ್ಯಾಸಬಲ.

"ಸರಿ ಮಿಸ್, ಕಥೆ. ನಮ್ಮ ಲೇಡೀಸಿಗೆ ಸೈಕಲ್ ಕಲಿಸೋಕೆ ಆಳ್ ಇಲ್ಲ. ಗಂಡಸರು ಬಂದ್ರೆ ಅವರಿಗೆ ಸಂಕೋಚ. ನೀವು ಬರ್ತೀರಾ? ವಾರಕ್ಕೆ ಎರಡು ಸಂಜೆ, ಪೋದುಂ."

ಸಾಕು ಎನ್ನುವುದಕ್ಕೆ ಪೋದುಂ ಎನ್ನುವ ಅವಳ ಕನ್ನಡವನ್ನು ತಿದ್ದುತ್ತ ಕೂತರೆ ಸಂಜೆಯಾಗುತ್ತಿತ್ತು. ಆದರೆ ಯಾರೋ ನನ್ನನ್ನು ಯಾವುದೋ ಕೆಲಸಕ್ಕೆ ಕರೆದು ಬಹಳ ದಿನವಾಗಿತ್ತು. ಹೂಂ ಎಂದೆ. ಇಳಿಯಲು ಬರುವುದಿಲ್ಲ ಎಂಬುದನ್ನು ಹೇಳಲಿಲ್ಲ. ಅವಳು ಕೇಳಿದ್ದರೆ ತಾನೆ?

ಪೆರಂಬೂರಿನಿಂದ ಬಸ್ಸಿನಲ್ಲಿ ಒಂದು ಗಂಟೆ ದೂರ, ದೊಡ್ಡ ಕೆರೆಯ ಆಚೆ ಆ ಕಾಲೊನಿ. ಒಂದು ಕಡೆ, ನದೀ ದಡದ ಗುಡಿಸಲುಗಳಿಂದ ಎಬ್ಬಿಸಿ ತಂದವರಿಗಾಗಿ ಕಟ್ಟಿದ ನಾಲ್ಕು ಮಹಡಿಯ ಬ್ಲಾಕುಗಳು. ಅದರ ಹಿಂದೆ ಶೀಟು ಹೊದಿಸಿದ ಸಾಲುಮನೆಗಳು, ಅಲ್ಲಿ ಸಿಂಹಳದ ಯುದ್ಧಕ್ಕೆ ಹೆದರಿ ದೋಣಿಯಲ್ಲಿ ಬಂದ ತಮಿಳರು. ತುದಿಯಲ್ಲಿ ಬರ್ಮಾದಿಂದ ಓಡಿಬಂದ ಮೂರು ಮುಸ್ಲಿಂ ಕುಟುಂಬ. ಬಸ್ ಸ್ಟಾಪು ಎರಡು ಮೈಲಿ, ಆಸ್ಪತ್ರೆ ಇನ್ನೂ ಆಚೆ. ಅದಕ್ಕೇ ಸೈಕಲ್ಲು. ಹನ್ನೊಂದನೇ ತರಗತಿಯ ಮಕ್ಕಳಿಗೆಂದು ಸರ್ಕಾರ ಕೊಟ್ಟ ಸೈಕಲ್ಲುಗಳು, ಮಕ್ಕಳು ಓದು ಮುಗಿಸಿ ಬೈಕಿನ ಕನಸು ಕಾಣುತ್ತಿದ್ದಂತೆ, ಮನೆಮನೆಯ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿದ್ದವು. ರೂಪಾ ಅಂಥ ಏಳನ್ನು ಒಟ್ಟುಮಾಡಿದ್ದಳು.

ಮೊದಲ ದಿನ ಬ್ಲಾಕುಗಳ ಪಕ್ಕದ ಮೈದಾನಕ್ಕೆ ಹನ್ನೊಂದು ಹೆಂಗಸರು ಬಂದಿದ್ದರು. ನಾನು ಒಬ್ಬಳನ್ನು ಹತ್ತಿಸಿ, ಹಿಂದೆ ಹಿಡಿದು, ಉತ್ಸಾಹದಿಂದ "ತುಳಿ! ತುಳಿ!" ಎಂದು ಕೂಗಿದೆ. ಅವಳು ತುಳಿಯಲಿಲ್ಲ, ತಲೆಯೆತ್ತಿ ಆಕಾಶ ನೋಡಿದಳು. ಉಳಿದವರೂ ಅಂಗೈ ಚಾಚಿ ಆಕಾಶ ನೋಡಿದರು. ತಮಿಳಿನಲ್ಲಿ ತುಳಿ ಎಂದರೆ ಹನಿ ಎಂದು ಇಷ್ಟು ವರ್ಷವಾದರೂ ಸಮಯಕ್ಕೆ ನೆನಪಾಗಲಿಲ್ಲ ನೋಡಿ. ಟೀಚರು ಮಳೆ ಬರುತ್ತಿದೆ ಎನ್ನುತ್ತಿದ್ದಾರೆಂದು ಬ್ಲಾಕಿನ ಒಬ್ಬಾಕೆ ಒಣಹಾಕಿದ ಬಟ್ಟೆ ತೆಗೆಯಲು ಓಡಿಯೇಬಿಟ್ಟಳು. ಆಮೇಲೆ ನಕ್ಕದ್ದೇ ನಕ್ಕದ್ದು. ಬರ್ಮಾದ ಸಿತಾರಾ ಎಂಬ ಹುಡುಗಿಗೆ ತಮಿಳೂ ಬಾರದು, ನನ್ನ ಹಿಂದಿಯೂ ಅರ್ಥವಾಗದು, ಆದರೂ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳೇ ಎಲ್ಲರಿಗಿಂತ ಮೊದಲು ಕಲಿತಳು ಕೂಡ.

ಯೋಗೇಶ್ವರಿ ಮಾತ್ರ ಹತ್ತಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು, ಸಿಂಹಳದ ಮನ್ನಾರ್ ಕಡೆಯವರು, ಸಾಲುಮನೆಯಲ್ಲಿ ಒಬ್ಬರೇ ಇದ್ದರು. ಹೆಸರು ಬರೆಸಿದ್ದರು, ಒಂದು ದಿನವೂ ತಪ್ಪದೆ ಬರುತ್ತಿದ್ದರು, ಬಂದು ಗೋಡೆಯ ಹತ್ತಿರ ಕೂತುಕೊಳ್ಳುತ್ತಿದ್ದರು. "ಇವತ್ತು ಹತ್ತುತ್ತೀರಾ?" ಎಂದರೆ "ಓಂ" ಎನ್ನುತ್ತಿದ್ದರು. ಮೊದಲೆರಡು ದಿನ ನಾನು ಇದೇನೋ ಜಪ ಎಂದುಕೊಂಡು ಗೌರವದಿಂದ ದೂರವಿದ್ದೆ. ಅವರ ಕಡೆ ತಮಿಳಿನಲ್ಲಿ ಹೌದು ಎನ್ನುವುದಕ್ಕೇ ಓಂ ಎನ್ನುತ್ತಾರೆಂದು ರೂಪಾ ಹೇಳಿದಳು. ಹೀಗೆ ಓಂ ಎಂದು ಹೇಳಿ ಹತ್ತದೆ ಕೂತು ಒಂದು ತಿಂಗಳಾಯಿತು.

ಮೇಷ್ಟ್ರುತನ ಎನ್ನುವುದು ಕೆಟ್ಟ ರೋಗ. ಒಂದು ಸಂಜೆ ಸೆಕೆ, ಬಸ್ಸಿನಲ್ಲಿ ನಿಂತೇ ಬಂದಿದ್ದೆ, ತಾಳ್ಮೆ ಇರಲಿಲ್ಲ. ಎಲ್ಲರೆದುರು ಅವರನ್ನು, "ಏನ್ ಇಪ್ಪಡಿ ಬಯಪ್ಪಡರೆ? ನೀ ಎನ್ನ ಚಿನ್ನ ಪೊಣ್ಣಾ?" ಎಂದುಬಿಟ್ಟೆ. ಯಾಕೆ ಹೀಗೆ ಹೆದರುತ್ತೀಯ, ನೀನೇನು ಚಿಕ್ಕ ಹುಡುಗಿಯಾ ಎಂದು. ಬಹುವಚನವೂ ಬಾಯಿಗೆ ಬರಲಿಲ್ಲ. ಅವರು ಎದ್ದು ನಿಂತು, "ಇಲ್ಲ ಟೀಚರ್," ಎಂದಷ್ಟೇ ಹೇಳಿ ಮತ್ತೆ ಕೂತರು. ನನಗೆ ಇನ್ನಷ್ಟು ಮುಜುಗರವಾಯಿತು. ಮುಜುಗರ ಮುಚ್ಚಿಕೊಳ್ಳಲು, "ನೋಡಿ, ಎಷ್ಟು ಸುಲಭ!" ಎನ್ನುತ್ತ ನಾನೇ ಒಂದು ಸೈಕಲ್ ಹತ್ತಿ ಹೊರಟೆ.

ಆ ಮೈದಾನದ ಮೂಲೆಯಲ್ಲಿ ದೊಡ್ಡ ಸಿಮೆಂಟ್ ಪೈಪುಗಳು ಬಿದ್ದಿದ್ದವು. ಇಳಿಯಬೇಕಾದಾಗ ನಾನು ಅದರ ಪಕ್ಕ ಹೋಗಿ ಕಾಲು ಊರುತ್ತಿದ್ದೆ. ಯಾರಿಗೂ ಗೊತ್ತಾಗಿರಲಿಲ್ಲ. ಒಂದು ಸುತ್ತು ಬಂದು ನೋಡುತ್ತೇನೆ, ಪೈಪುಗಳಿಲ್ಲ! ಬೆಳಿಗ್ಗೆ ಯಾರೋ ಸಾಗಿಸಿದ್ದರು. ಇನ್ನೊಂದು ಸುತ್ತು ಹೊರಟೆ. ಗೋಡೆಯ ಹತ್ತಿರ ಹೆಂಗಸರು ಕೂತಿದ್ದರು, ಅಲ್ಲಿಗೆ ಹೋಗುವಂತಿಲ್ಲ. ಬ್ರೇಕು ಹಿಡಿದರೆ ಬ್ರೇಕಿಗೆ ರಬ್ಬರೇ ಇಲ್ಲ. ಮೂರನೇ ಸುತ್ತಿಗೆ ಶಿಷ್ಯೆಯರು ಚಪ್ಪಾಳೆ ತಟ್ಟಿದರು. ನಾಲ್ಕನೇ ಸುತ್ತಿಗೆ ಸಿತಾರಾ ಸಿಳ್ಳೆ ಹಾಕಿದಳು. ಮೈದಾನದ ಆ ಬದಿ ಇಳಿಜಾರು, ಅದರಾಚೆ ಕೊಚ್ಚೆ ಹೊಂಡ. ಐದನೇ ಸುತ್ತಿನಲ್ಲಿ ಸೀರೆಯ ಅಂಚು ಚೈನಿನ ಹತ್ತಿರ ಪಟಪಟ ಎನ್ನತೊಡಗಿತು. ನಾನು ಮನಸ್ಸಿನಲ್ಲೇ ಅಕ್ಕನನ್ನು ಕರೆದೆ, ದೇವರ ಹೆಸರು ಆಮೇಲೆ ನೆನಪಾಯಿತು.

ಆಗ ನನ್ನ ಪಕ್ಕದಲ್ಲಿ ಇನ್ನೊಂದು ಸೈಕಲ್ಲಿನ ಸದ್ದು. ತಿರುಗಿದರೆ ಯೋಗೇಶ್ವರಿ. ಸೀರೆ ಎತ್ತಿ ಸಿಕ್ಕಿಸಿ, ಬೆನ್ನು ನೆಟ್ಟಗಿಟ್ಟು, ಒಂದು ಕೈಯಲ್ಲಿ ತಮ್ಮ ಹ್ಯಾಂಡಲ್, ಇನ್ನೊಂದು ಕೈ ಚಾಚಿ ನನ್ನ ಹ್ಯಾಂಡಲ್ಲಿನ ಮೇಲೆ. ಹೆದ್ದಾರಿಯಲ್ಲಿ ಹಾಲಿನವರು ಜೋಡಿಯಾಗಿ ಹೋಗುವಂತೆ ಅಷ್ಟು ನಿರಾಳ!

"ಪೆಡಲ್ ನಿಲ್ಲಿಸಿ ಟೀಚರ್. ಹೆದರಬೇಡಿ. ನಾನು ಹಿಡಿದಿದ್ದೇನೆ."

ಎರಡೂ ಸೈಕಲ್ಲು ನಿಧಾನವಾಗಿ ನಿಂತವು. ಅವರು ಇಳಿದು ನನ್ನನ್ನು ಇಳಿಸಿದರು. ಚಪ್ಪಾಳೆ ನಿಂತಿತ್ತು. ನಾನು ಏದುಸಿರು ಬಿಡುತ್ತ, "ನಿಮಗೆ ಬರುತ್ತೆ!" ಎಂದೆ.

"ಓಂ," ಎಂದರು. "ನಿಮಗೆ ಇಳಿಯಲು ಬರುವುದಿಲ್ಲ."

ಅವತ್ತು ಎಲ್ಲರೂ ಹೋದ ಮೇಲೆ ಅವರು ನನಗೆ ಇಳಿಯುವುದನ್ನು ಕಲಿಸಿದರು. ಎಡ ಪೆಡಲ್ಲನ್ನು ಕೆಳಕ್ಕೆ ತಂದು ಅದರ ಮೇಲೆ ಭಾರ ಬಿಡಬೇಕು, ಬಲಗಾಲನ್ನು ಈಚೆ ತಂದು, ಸೈಕಲ್ಲು ಪೂರ್ತಿ ನಿಲ್ಲುವ ಮೊದಲೇ ನೆಲಕ್ಕೆ ಹಾರಬೇಕು. ಹತ್ತು ಸಲ ತಪ್ಪಿದೆ. ಹನ್ನೊಂದನೇ ಸಲ ಇಳಿದೆ. "ಸರಿ ಅಕ್ಕಾ!" ಎಂದು ಅವರು ಚಪ್ಪಾಳೆ ತಟ್ಟಿದರು. ಕನ್ನಡಕ್ಕೂ ತಮಿಳಿಗೂ ಆ ಪದ ಒಂದೇ. ನನ್ನನ್ನು ಜೀವಮಾನದಲ್ಲಿ ಯಾರೂ ಅಕ್ಕ ಎಂದಿರಲಿಲ್ಲ. ಶಾಲೆಯಲ್ಲಿ ಮಿಸ್, ಮನೆಯಲ್ಲಿ ನಾನೇ ಚಿಕ್ಕವಳು. ನನಗೆ ಕಣ್ಣು ತುಂಬಿತು, ಧೂಳು ಎಂದೆ. ಅಲ್ಲಿಂದ ಮುಂದೆ ಅವರು ನನಗೆ ಅವಳಾದಳು.

ಹೊಂಡದ ಬದಿಯ ಕಲ್ಲಿನ ಮೇಲೆ ಕೂತು ಅವಳೇ ಹೇಳಿದಳು. ಅವರ ಊರಿನಲ್ಲಿ ಹೆಣ್ಣುಮಕ್ಕಳೆಲ್ಲ ಸೈಕಲ್ ಓಡಿಸುವವರೇ. ಅವಳಿಗೊಬ್ಬಳು ತಂಗಿ, ವಾಸುಕಿ. ಸ್ಕೂಲಿಗೆ, ಬಾವಿಗೆ, ಅಂಗಡಿಗೆ ತಂಗಿಯನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದಳಂತೆ. ಶೆಲ್ ಬೀಳಲು ಶುರುವಾದ ದಿನ ಊರಿಗೆ ಊರೇ ರಸ್ತೆಗಿಳಿಯಿತು. ಇದ್ದದ್ದು ಒಂದೇ ಸೈಕಲ್ಲು. ತಾಯಿಗೆ ನಡೆಯಲಾಗದು. ತಾಯಿಯನ್ನು ಕೂರಿಸಿಕೊಂಡು, ತಂಗಿಗೆ, "ಪಕ್ಕದ ಮನೆಯವರ ಜೊತೆ ನಡೆದು ಬಾ, ಅಮ್ಮನನ್ನು ಬಿಟ್ಟು ತಿರುಗಿ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ," ಎಂದಳು. ಚರ್ಚಿನ ಅಂಗಳದಲ್ಲಿ ತಾಯಿಯನ್ನು ಇಳಿಸಿ ತಿರುಗಿದರೆ ಸೈನ್ಯದವರು ರಸ್ತೆ ಮುಚ್ಚಿದ್ದರು. ಬಿಡಿ ಎಂದು ಕಾಲಿಗೆ ಬಿದ್ದಳು, ಬಿಡಲಿಲ್ಲ. ತಂಗಿ ಏನಾದಳೆಂದು ಇವತ್ತಿಗೂ ಗೊತ್ತಿಲ್ಲ. ತಾಯಿ ಈ ಕಾಲೊನಿಯಲ್ಲೇ ತೀರಿಕೊಂಡರು.

"ಆಮೇಲೆ ನಾನು ಸೈಕಲ್ ಮುಟ್ಟಲಿಲ್ಲ ಅಕ್ಕಾ."

"ಮತ್ತೆ ಹೆಸರು ಯಾಕೆ ಬರೆಸಿದೆ?"

"ಹಿಂದೆ ಯಾರಾದರೂ ಹಿಡಿದುಕೊಂಡಿದ್ದರೆ ಹತ್ತಬಹುದು ಅಂದುಕೊಂಡೆ." ಸೀರೆಯ ಧೂಳು ಕೊಡವುತ್ತ, "ನೀವು ಬೇರೆಯವರ ಹಿಂದೆ ಓಡುವುದನ್ನು ನೋಡುವುದೂ ಚೆನ್ನಾಗಿತ್ತು," ಎಂದಳು.

ಆ ಒಂದು ವರ್ಷ ನನಗೆ ಚೆನ್ನಾಗಿ ಹೋಯಿತು. ವಾರಕ್ಕೆ ಎರಡು ಸಂಜೆಗೆಂದು ಹೇಳಿದವಳು ನಾಲ್ಕು ದಿನ ಹೋಗುತ್ತಿದ್ದೆ. ಅವಳು ನನ್ನ ಜೊತೆ ಸೇರಿ ಕಲಿಸತೊಡಗಿದಳು. ಕ್ಲಾಸು ಮುಗಿದ ಮೇಲೆ ಕೆರೆ ಏರಿಯ ಮೇಲೆ ಇಬ್ಬರೂ ಸೈಕಲ್ಲು ತಳ್ಳಿಕೊಂಡು ನಡೆಯುತ್ತಿದ್ದೆವು. ತಮಿಳು ಸಾಲದಾದಾಗ ನಾನು ಕನ್ನಡಕ್ಕೆ ಇಳಿಯುತ್ತಿದ್ದೆ. ಅಕ್ಕನ ಕಥೆ, ಅವಳ ದೋಸೆ, ಅವಳ ಸಿಡುಕು, ಎಲ್ಲ ಕನ್ನಡದಲ್ಲೇ. ಯೋಗೇಶ್ವರಿ ಎಷ್ಟು ಅರ್ಥ ಮಾಡಿಕೊಂಡಳೋ, ಮಧ್ಯೆ ಮಧ್ಯೆ ಓಂ, ಓಂ ಎನ್ನುತ್ತಿದ್ದಳು. ಮಾತಿಗೆ ಹೂಂಗುಟ್ಟುವವರು ಇದ್ದರೆ ಸಾಕು, ಭಾಷೆ ಎಲ್ಲಿಯದಾದರೇನು?

ಹೋದ ವರ್ಷ ಚಳಿಗಾಲದ ಒಂದು ಸಂಜೆ ಏರಿಯ ಮೇಲೆ ಅವಳು ಹೇಳಿದಳು: "ಊರಿಗೆ ಹೋಗಲು ಪೇಪರ್ ಬಂದಿದೆ ಅಕ್ಕಾ. ಸೋದರಮಾವನ ಮಗ ಅಲ್ಲಿದ್ದಾನೆ. ನಮ್ಮ ಬಾವಿ, ಜಾಗ ಹಾಗೇ ಇದೆಯಂತೆ. ಕಾಣೆಯಾದವರ ಹೆಸರು ಬರೆದುಕೊಳ್ಳುವ ಆಫೀಸಿದೆಯಂತೆ. ನಾನೇ ಹೋಗಿ ಬರೆಸಬೇಕು."

ನಾನು ಅವಳಿಗೆ ಸಂತೋಷವೆಂದು ಹೇಳಬೇಕಿತ್ತು. ಹೇಳಲಿಲ್ಲ. "ಇಷ್ಟು ವರ್ಷದ ಮೇಲೆ ಏನು ಸಿಗುತ್ತೆ? ಅಲ್ಲಿ ಯಾರಿದ್ದಾರೆ ನಿನಗೆ?" ಎಂದೆ.

ಅವಳು ಕೆರೆಯ ಕಡೆ ನೋಡುತ್ತ, "ಇಲ್ಲಿ ಯಾರಿದ್ದಾರೆ?" ಎಂದಳು.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಸೈಕಲ್ಲು ಅವಳ ಕೈಗೆ ಕೊಟ್ಟು ಬಸ್ ಸ್ಟಾಪಿಗೆ ನಡೆದುಬಿಟ್ಟೆ. ಅವಳು ಕರೆದಳೋ ಇಲ್ಲವೋ, ನನಗೆ ಕೇಳಿಸಲಿಲ್ಲ.

ಆಮೇಲೆ ಹದಿನೈದು ದಿನ ನಾನು ಆ ಕಡೆ ಹೋಗಲಿಲ್ಲ. ರೂಪಾಗೆ ಮಂಡಿನೋವು ಎಂದೆ. ಮನೆಯಲ್ಲಿ ಕೂತು ದಿನಕ್ಕೆ ಹತ್ತು ಸಲ ಆ ಮಾತನ್ನು ಹೊರಳಿಸಿ ಹೊರಳಿಸಿ ನೋಡಿದೆ. ಮೊದಲು ಸಿಟ್ಟು ಬಂತು. ಆಮೇಲೆ ನಾನು ಕೇಳಿದ ಪ್ರಶ್ನೆಯೇ ಎಂಥ ಕ್ರೂರದ್ದು ಎನ್ನಿಸಿತು. ತಂಗಿಯನ್ನು ಹುಡುಕಲು ಹೊರಟವಳಿಗೆ ಅಲ್ಲಿ ಯಾರಿದ್ದಾರೆ ಎಂದು ಕೇಳಿದ್ದೆ! ನನ್ನ ಅಕ್ಕನಾದರೂ ನನ್ನ ಕಣ್ಣೆದುರು ಲೋಟ ಕೆಳಗಿಟ್ಟು ಹೋದಳು. ಅವಳಿಗೆ ಅಷ್ಟೂ ಸಿಕ್ಕಿರಲಿಲ್ಲ. ಇಷ್ಟೆಲ್ಲ ಗೊತ್ತಾದ ಮೇಲೂ ಬಸ್ಸು ಹತ್ತಲು ಕಾಲು ಏಳಲಿಲ್ಲ. ಒಂಟಿಯಾಗಿದ್ದವರಿಗೆ ಜಂಬ ಬಹಳ ಇರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಕಡೆಗೆ ರೂಪಾಳೇ ಫೋನ್ ಮಾಡಿದಳು. "ಮಿಸ್, ನಾಳೆ ಕಾಲೈಲಿ ಯೋಗಕ್ಕ ಹೊರಡ್ತಾರೆ. ನಿಮ್ಮ ಮಂಡಿನೋವು ಹೇಗಿದೆ ಅಂತ ದಿನಾ ಕೇಳ್ತಾರೆ." ಕಾಲೈ ಅಲ್ಲ, ಬೆಳಿಗ್ಗೆ ಎಂದು ಈ ಸಲ ನಾನು ಅವಳ ಕನ್ನಡ ತಿದ್ದಲಿಲ್ಲ.

ಅವತ್ತೇ ಮಧ್ಯಾಹ್ನ ಹೋದೆ. ಅವಳ ಕೋಣೆ ಖಾಲಿಯಾಗಿತ್ತು. ಮಡಕೆ ಒಬ್ಬರಿಗೆ, ಒರಳು ಒಬ್ಬರಿಗೆ, ಹೊಲಿಗೆ ಮೆಷಿನ್ ಸಿತಾರಾಗೆ ಕೊಟ್ಟಾಗಿತ್ತು. ಬಾಗಿಲಲ್ಲಿ ನನ್ನನ್ನು ನೋಡಿ, "ವಾಂಗೋ ಅಕ್ಕಾ," ಎಂದಳು, ನಿನ್ನೆಯಷ್ಟೇ ಬಂದು ಹೋದವಳನ್ನು ಕರೆಯುವ ಹಾಗೆ. ಕೂರಲು ಚಾಪೆ ಕೂಡ ಇರಲಿಲ್ಲ. ನೆಲದ ಮೇಲೆ ಇಬ್ಬರೂ ಕೂತೆವು.

"ತಪ್ಪು ಮಾತಾಡಿದೆ," ಎಂದೆ.

"ನಾನೂ ಮಾತಾಡಿದೆ."

"ಮಂಡಿನೋವು ಸುಳ್ಳು."

"ಗೊತ್ತು."

ಅದಾದ ಮೇಲೆ ಅವಳ ಬಟ್ಟೆ ಮಡಚಿಕೊಟ್ಟೆ. ಒಂದೇ ಚೀಲ. ಇಷ್ಟು ವರ್ಷದ ಸಂಸಾರ ಒಂದು ಚೀಲದಲ್ಲಿ ಹಿಡಿಯಿತಲ್ಲ ಎಂದು ನನಗೆ ಸಂಕಟವಾದರೆ, ಬರುವಾಗ ಇದೂ ಇರಲಿಲ್ಲ ಎಂದು ಅವಳು ನಕ್ಕಳು. ಸಂಜೆಯಾಗುತ್ತಿದ್ದಂತೆ ನಾನು ಹೊರಡಲು ಎದ್ದೆ. ಬೆಳಿಗ್ಗೆ ಬರುತ್ತೇನೆ ಎಂದೆ. ಅವಳು ಬೇಡ ಎಂದಳು. ವ್ಯಾನಿನ ಸುತ್ತ ಜನ ಸೇರಿ ಅಳುತ್ತಾರೆ, ಆ ಗುಂಪಿನಲ್ಲಿ ನೀವು ಬೇಡ. ಆಮೇಲೆ ಹೊರಗೆ ಹೋಗಿ ಗೋಡೆಗೆ ಒರಗಿಸಿದ್ದ ಸೈಕಲ್ ತಂದು, ಸೆರಗಿನಿಂದ ಕ್ಯಾರಿಯರ್ ಒರೆಸಿದಳು.

"ಏರುಂಗೋ ಅಕ್ಕಾ. ಬಸ್ ಸ್ಟಾಪಿನವರೆಗೆ ಬಿಡುತ್ತೇನೆ."

ನನ್ನ ತೂಕ ಎಷ್ಟೆಂದು ನಿಮಗೆ ಹೇಳುವುದಿಲ್ಲ. ಅವಳು ನನ್ನ ಅರ್ಧ ಇದ್ದಳು. "ಹುಚ್ಚಾ? ಇಬ್ಬರೂ ಬೀಳ್ತೀವಿ!" ಎಂದೆ. ಅವಳು ಹ್ಯಾಂಡಲ್ ಹಿಡಿದೇ ನಿಂತಳು. ಒರೆಸಿದ್ದ ಕ್ಯಾರಿಯರನ್ನು ಇನ್ನೊಮ್ಮೆ ಒರೆಸಿದಳು. ತಾಯಿಯನ್ನು ಚರ್ಚಿನ ಅಂಗಳದಲ್ಲಿ ಇಳಿಸಿದ ಮೇಲೆ ಆ ಕ್ಯಾರಿಯರಿನ ಜಾಗದಲ್ಲಿ ಅವಳು ಯಾರನ್ನೂ ಕೂರಿಸಿಕೊಂಡಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಸುಮ್ಮನೆ ಹತ್ತಿ ಕೂತೆ.

ಮೊದಲ ನಾಲ್ಕು ತುಳಿತಕ್ಕೆ ಸೈಕಲ್ಲು ಹಾವಿನ ಹಾಗೆ ಹೊರಳಿತು. ಬ್ಲಾಕಿನ ಹೆಂಗಸರು ಮಹಡಿಯ ಮೇಲಿಂದ ಕೂಗಿ ನಕ್ಕರು. ಸಿತಾರಾ ಸ್ವಲ್ಪ ದೂರ ಹಿಂದೆಯೇ ಓಡಿಬಂದಳು. ಆಮೇಲೆ ಸೈಕಲ್ಲು ನೆಟ್ಟಗಾಯಿತು. ಕೆರೆಯ ಗಾಳಿಗೆ ಅವಳ ಬೆನ್ನಿನ ಬೆವರು ಆರುತ್ತಿತ್ತು. ನಾನು ಅವಳ ಸೊಂಟ ಹಿಡಿದು ಕೂತೆ. ದಾರಿಯಲ್ಲಿ ಎರಡು ಸಲ ಅವಳು ಎಡಗೈಯನ್ನು ಹಿಂದಕ್ಕೆ ತಂದು ನನ್ನ ಮೊಣಕಾಲು ಮುಟ್ಟಿ ನೋಡಿದಳು, ಇದ್ದೇನೋ ಇಲ್ಲವೋ ಎಂದು.

ಸ್ಟಾಪಿನಲ್ಲಿ ಬಸ್ಸು ನಿಂತೇ ಇತ್ತು. ಕಂಡಕ್ಟರ್ ಸೀಟಿ ಊದುತ್ತಿದ್ದ. "ತಲುಪಿಸಿದೆ," ಎಂದಳು. ನಾನು ಹೂಂ ಎನ್ನುವಷ್ಟರಲ್ಲಿ ಯಾರೋ ನನ್ನನ್ನು ಫುಟ್‌ಬೋರ್ಡಿನಿಂದ ಒಳಕ್ಕೆ ತಳ್ಳಿದರು. ಕಿಟಕಿಗೆ ಬರುವ ಹೊತ್ತಿಗೆ ಅವಳು ಸೈಕಲ್ಲು ತಿರುಗಿಸಿ ಹೊರಟಿದ್ದಳು.

ತಂಗಿಯ ಸುದ್ದಿ ಸಿಕ್ಕಿಲ್ಲ. ಹೆಸರು ಬರೆಸಿದ್ದಾಳೆ, ರಸೀದಿ ಕೊಟ್ಟಿದ್ದಾರೆ, ತಿಂಗಳಿಗೊಮ್ಮೆ ಆ ಆಫೀಸಿಗೆ ಹೋಗಿ ಬರುತ್ತಾಳೆ. ಮನೆಗೆ ಸೂರಿಲ್ಲ, ಬಾವಿಯಲ್ಲಿ ನೀರಿದೆ. ಹೊಸ ಹೆಂಚು ಹೊದಿಸುವವರೆಗೆ ಸೋದರಮಾವನ ಮಗನ ಮನೆಯ ಜಗಲಿಯ ಕೋಣೆ. ನಾನು ಇಲ್ಲಿ ವಾರಕ್ಕೆ ಎರಡು ಸಂಜೆ ಹೋಗುತ್ತೇನೆ, ಅಷ್ಟೇ. ಹೊಸದಾಗಿ ಬಂದ ಆರು ಜನ ಇದ್ದಾರೆ. ಸಿತಾರಾ ಈಗ ಅವರಿಗೆ ಕಲಿಸುತ್ತಾಳೆ, ನಾನು ಹಿಂದೆ ಓಡುತ್ತೇನೆ. ಕೆರೆ ಏರಿಯ ಮೇಲೆ ಒಬ್ಬಳೇ ನಡೆಯಲು ಹೋಗಿ ಒಂದು ದಿನ ಅರ್ಧಕ್ಕೇ ವಾಪಸು ಬಂದೆ. ಆಮೇಲೆ ಹೋಗಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಅವಳ ಫೋನ್ ಬಂತು, ಮುಖ ಕಾಣುವ ಫೋನು. ಕಪ್ಪಗಾಗಿದ್ದಾಳೆ. ಹಿಂದೆ ತಾಳೆಮರ, ಬಿಸಿಲು. ಏನು ಮಾತಾಡುವುದು? ಬಾವಿ ಹೇಗಿದೆ ಎಂದೆ, ಮಂಡಿ ಹೇಗಿದೆ ಎಂದಳು. ನಾನು ಫೋನ್ ಇಡಲಾ ಎಂದು ಕೇಳುವಷ್ಟರಲ್ಲಿ ಅವಳೇ, "ಊಟ ಆಯಿತಾ ಅಕ್ಕಾ?" ಎಂದಳು.

"ಇಲ್ಲ, ಈಗ ಬಡಿಸಿಕೊಳ್ಳಬೇಕು."

"ನಾನೂ ಈಗಲೇ."

ಫೋನನ್ನು ನೀರಿನ ಚೊಂಬಿಗೆ ಒರಗಿಸಿ ತಟ್ಟೆ ಇಟ್ಟು ಕೂತೆ. ಅವಳೂ ಅಲ್ಲಿ ಎಲ್ಲಿಗೋ ಒರಗಿಸಿ ಕೂತಳು. ಅವಳು ಮೀನಿನ ಮುಳ್ಳು ಬಿಡಿಸುತ್ತಿದ್ದಳು, ನಾನು ನುಗ್ಗೇಕಾಯಿ ಚೀಪುತ್ತಿದ್ದೆ. ಅಲ್ಲಿ ಕಾಗೆ ಕೂಗುವುದು ನನಗೆ ಕೇಳುತ್ತಿತ್ತು. ಮಧ್ಯದಲ್ಲಿ ಸಿಗ್ನಲ್ ಹೋಗಿ ಅವಳ ಮುಖ ನಿಂತುಬಿಟ್ಟಿತು, ತುತ್ತು ಬಾಯಿಯ ಹತ್ತಿರವೇ. ನಾನೂ ಕೈ ತಡೆದು ಕೂತೆ. ಅನ್ನ ಆರುತ್ತಿತ್ತು. ಅವಳು ಮತ್ತೆ ಅಲುಗಿದ ಮೇಲೆ ಉಂಡೆ.